ತಗ್ಗಿದ ಕಾರು, ತಗ್ಗದ ದಾರಿ

(ಬಾನುಲಿ ಭಾಷಣ)

ಈಚೆಗೆ ಕಡೂರು, ಬೀರೂರು, ತರೀಕೆರೆಯಂಥ ನಮ್ಮ ಸಣ್ಣ ಊರುಗಳ ಬೀದಿಗಳಲ್ಲಿಯೂ ನೆಲಕ್ಕೆ ಹೊಟ್ಟೆ ತಾಗಿತೋ ಎನ್ನುವಂತೆ ತಗ್ಗಿ ಹೋಗುವ ಕಾರುಗಳು ಕಾಣತೊಡಗಿವೆ. ಕಾರ್ಖಾನೆಯಿಂದ ಅವು ಹಾಗೆ ಬಂದವಲ್ಲ. ಕೊಂಡವರು ಬೇಕೆಂದೇ ಇಳಿಸಿದವು. ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರುವಷ್ಟಿದ್ದ ಜಾಗ ಒಂದು ಬೆರಳಿಗೆ ಬಂದಿರುತ್ತದೆ. ಹಿರಿಯರು ಇದನ್ನು ಹುಡುಗಾಟವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದುಂಟು. ಮೂವತ್ತು ವರ್ಷ ಹುಡುಗರಿಗೆ ಯಂತ್ರವಿದ್ಯೆಯನ್ನು ಕಲಿಸಿದ ನಾನು ಹಾಗೆ ತಳ್ಳಲಾರೆ. ಯಂತ್ರವೊಂದನ್ನು ಇದ್ದಂತೆ ಒಪ್ಪಿಕೊಳ್ಳದೆ, ಇದು ಹೀಗೇ ಏಕಿರಬೇಕು ಎಂದು ಕೇಳುವ ಬುದ್ಧಿ ಒಳ್ಳೆಯ ಬುದ್ಧಿಯೇ. ಕೇಳಿದ ಮೇಲೆ ಉತ್ತರಕ್ಕಾಗಿ ಸ್ವಲ್ಪ ತಾಳ್ಮೆ ಬೇಕು, ಅಷ್ಟೆ.

ಈ ಪ್ರಶ್ನೆ ಕಳೆದ ವರ್ಷ ನಮ್ಮ ಮನೆಗೇ ಬಂದಿತು. ಅಜ್ಜಂಪುರದಲ್ಲಿರುವ ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸಂಬಳದಲ್ಲಿ ಉಳಿಸಿದ ಹಣವನ್ನೆಲ್ಲ ಕೂಡಿಸಿ, ಬಲವಾದ ಎಂಜಿನ್ನುಳ್ಳ ಒಂದು ಚಿಕ್ಕ ಕಾರನ್ನು ಕೊಂಡಿದ್ದ. ತಿಂಗಳಿಗೆ ಎರಡು ಸಲ ಅದರಲ್ಲಿ ಊರಿಗೆ ಬರುತ್ತಾನೆ; ಬಂದಾಗ ತಾಯಿಯನ್ನು ಶಿವಮೊಗ್ಗದ ವೈದ್ಯರಲ್ಲಿಗೆ ಕರೆದೊಯ್ಯುತ್ತಾನೆ. ತಂಗಿಗೆ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಾಗಿದೆ. ಎತ್ತಿ ಹಾಕುವ ಪ್ರಯಾಣ ಕೂಡದೆಂದು ವೈದ್ಯರ ಕಟ್ಟಪ್ಪಣೆ. “ಮಾವ, ಕಾರನ್ನು ಒಂದೂವರೆ ಇಂಚು ಇಳಿಸಬೇಕೆಂದಿದ್ದೇನೆ. ಯಾವ ಸ್ಪ್ರಿಂಗು ಹಾಕಿಸಲಿ, ಹೇಳಿ” ಎಂದು ಅವನು ಕೇಳಿದ. ಇಳಿಸಲೋ ಬೇಡವೋ ಎಂದು ಅವನು ಕೇಳಲಿಲ್ಲವೆಂಬುದನ್ನು ಗಮನಿಸಬೇಕು.

ಅವನ ಮುಂದೆ ಮೂರು ದಾರಿಗಳಿದ್ದವು. ಇದ್ದ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿಕೊಡುತ್ತೇನೆಂದು ಒಬ್ಬ ಮೆಕ್ಯಾನಿಕ್ ಹೇಳಿದ್ದ. ಅದಕ್ಕೆ ಅರ್ಧ ದಿನದ ಕೂಲಿ ಸಾಕು. ಎರಡನೆಯದು, ಶಾಕ್ ಅಬ್ಸಾರ್ಬರುಗಳನ್ನು ಹಾಗೆಯೇ ಉಳಿಸಿಕೊಂಡು ಗಿಡ್ಡ ಸ್ಪ್ರಿಂಗುಗಳನ್ನು ಮಾತ್ರ ಕೊಂಡು ಹಾಕುವುದು. ಮೂರನೆಯದು ಕಾಯಿಲೋವರ್ ಎಂಬುದು. ಅದರಲ್ಲಿ ಸ್ಪ್ರಿಂಗು ಮತ್ತು ಶಾಕ್ ಒಂದೇ ಜೋಡಣೆಯಾಗಿ ಬರುತ್ತವೆ. ಮರೆಯಿರುವ ಕೊಳವೆಯ ಮೇಲೆ ಬಿಲ್ಲೆಯನ್ನು ತಿರುಗಿಸಿ ಎತ್ತರವನ್ನು ಬೇಕಾದಂತೆ ಏರಿಸಬಹುದು, ಇಳಿಸಬಹುದು. ಇದರ ಬೆಲೆ ಹುಡುಗನ ಒಂದೆರಡು ತಿಂಗಳ ಸಂಬಳ. ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂಬುದು ದುಡ್ಡಿನ ಪ್ರಶ್ನೆಯಂತೆ ಕಂಡರೂ ನಿಜವಾಗಿ ಅದು ದಾರಿಯ ಪ್ರಶ್ನೆ. ಹೇಗೆಂಬುದನ್ನು ತಿಳಿಯಲು ಮೊದಲು ಸ್ಪ್ರಿಂಗಿನ ಸ್ವಭಾವವನ್ನು ಅರಿಯಬೇಕು.

ಸ್ಪ್ರಿಂಗನ್ನು ಎಷ್ಟೆಷ್ಟು ಅದುಮುತ್ತೇವೆಯೋ ಅದರ ಎದುರುಬಲವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ ೧೬೭೮ರಲ್ಲಿ ವಿವರಿಸಿ ಪ್ರಕಟಿಸಿದ. ನಿಂತ ಕಾರಿನಲ್ಲಿಯೂ ಸ್ಪ್ರಿಂಗುಗಳು ಮೈಯ ಭಾರಕ್ಕೆ ಒಂದಷ್ಟು ಕುಗ್ಗಿಯೇ ಇರುತ್ತವೆ. ಆ ಮೈ ಮೇಲೆ ಕೆಳಗೆ ಆಡತೊಡಗಿದರೆ ಸಾಮಾನ್ಯ ಕಾರು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಆಡುತ್ತದೆ. ಸಾವಕಾಶವಾಗಿ ನಡೆಯುವವನ ಹೆಜ್ಜೆಯ ಲಯಕ್ಕೆ ಇದು ಹತ್ತಿರವಾದದ್ದು. ದೇಹಕ್ಕೆ ಒಗ್ಗಿದ ಲಯ. ಓಟದ ಕಾರಿನ ಗಡಸು ಸ್ಪ್ರಿಂಗಿನಲ್ಲಿ ಅದು ಎರಡು ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಆಗ ಕೂತವನಿಗೆ ಅದು ತೂಗಾಟವೆನಿಸದೆ ಕುಕ್ಕಾಟವೆನಿಸುತ್ತದೆ.

ಸುರುಳಿ ಸ್ಪ್ರಿಂಗಿನ ಗಡಸುತನಕ್ಕೆ ಸರಳಿನ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ—ಈ ಮೂರು ಮುಖ್ಯ. ಉಳಿದೆಲ್ಲವೂ ಹಾಗೆಯೇ ಇದ್ದು ೧೨ ಮಿಲಿಮೀಟರಿನ ಸರಳು ೧೩ ಮಿಲಿಮೀಟರಾದರೆ, ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಗಡಸುತನ ನೂರಕ್ಕೆ ಸುಮಾರು ೩೮ರಷ್ಟು ಏರುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ನೂರಕ್ಕೆ ೨೦ರಷ್ಟು ಏರುತ್ತದೆ. ಹಾಗಾದರೆ ಕತ್ತರಿಸುವುದರಿಂದ ಇಳಿತವೂ ಗಡಸುತನವೂ ಒಟ್ಟಿಗೆ ದೊರೆತಂತಾಯಿತಲ್ಲ ಎಂದು ಕೇಳಬಹುದು. ದೊರೆಯಿತು, ಆದರೆ ಅದರ ಜೊತೆಗೆ ಬೇರೆಯದೂ ಬಂದಿತು. ಸ್ಪ್ರಿಂಗಿನ ತುದಿಯನ್ನು ಅದು ಕೂರುವ ಬಟ್ಟಲಿಗೆ ಹೊಂದುವಂತೆ ರೂಪಿಸಿರುತ್ತಾರೆ. ಕತ್ತರಿಸಿದ ತುದಿ ಅಲ್ಲಿ ಸರಿಯಾಗಿ ಕೂರದು. ಗಾಲಿ ಹಳ್ಳಕ್ಕೆ ಇಳಿದು ಪೂರ್ತಿ ಜೋತಾಗ ಗಿಡ್ಡಾದ ಸ್ಪ್ರಿಂಗು ಸಡಿಲಗೊಂಡು ಸ್ಥಾನ ತಪ್ಪಬಹುದು. ಗ್ಯಾಸ್ ಜ್ವಾಲೆಯಿಂದ ಕತ್ತರಿಸಿದರಂತೂ ಕಾದ ಭಾಗದ ಹದ ಕೆಟ್ಟು, ಅದು ಕುಸಿಯಲೂಬಹುದು, ಮುರಿಯಲೂಬಹುದು. ಮೊದಲನೆಯ ದಾರಿಯನ್ನು ನಾನು ಅಲ್ಲಿಗೇ ಮುಚ್ಚಿದೆ. ಹುಡುಗನೂ ವಾದಿಸಲಿಲ್ಲ.

ಇನ್ನು ಶಾಕ್ ಅಬ್ಸಾರ್ಬರ್. ಈ ಹೆಸರೇ ದಾರಿ ತಪ್ಪಿಸುವಂಥದು. ಪೆಟ್ಟನ್ನು ನುಂಗುವುದು ಸ್ಪ್ರಿಂಗು. ನುಂಗಿದ ಮೇಲೆ ಅದು ಮತ್ತೆ ಮತ್ತೆ ಕುಣಿಯದಂತೆ ಹಿಡಿಯುವುದು ಶಾಕ್. ಒಳಗಿನ ಎಣ್ಣೆಯನ್ನು ಸಣ್ಣ ಕಂಡಿಗಳ ಮೂಲಕ ನೂಕಿ, ಕುಣಿತದ ಶಕ್ತಿಯನ್ನು ಶಾಖವಾಗಿಸಿ ಗಾಳಿಗೆ ಬಿಡುವುದೇ ಅದರ ಕೆಲಸ. ನಮ್ಮ ಅಜ್ಜಂಪುರ ಅಮೃತಮಹಲ್ ತಳಿಯ ಊರು. ಟಿಪ್ಪುವಿನ ಕಾಲದಲ್ಲಿ ಫಿರಂಗಿಗಳನ್ನು ಎಳೆದು ಹೆಸರಾದ ಆ ಎತ್ತುಗಳು ಓಡುವುದನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಕಾಲಿನ ಕೀಲು ಮಣಿಯುತ್ತದೆ, ಸ್ನಾಯು ಆ ಮಣಿತವನ್ನು ಬಿಗಿಹಿಡಿಯುತ್ತದೆ. ಎರಡರಲ್ಲಿ ಒಂದು ಸೋತರೂ ಓಟವಿಲ್ಲ. ಸ್ಪ್ರಿಂಗು ಗಡಸಾದರೆ ಶಾಕ್‌ನ ಹಿಡಿತವೂ ಅದಕ್ಕೆ ತಕ್ಕಂತೆ ಏರಬೇಕು. ಸ್ಪ್ರಿಂಗು ನೂರಕ್ಕೆ ೨೦ರಷ್ಟು ಏರಿದರೆ ಶಾಕ್ ನೂರಕ್ಕೆ ಸುಮಾರು ೧೦ರಷ್ಟು ಏರಬೇಕೆಂದು ಲೆಕ್ಕ ಹೇಳುತ್ತದೆ. ಹೊಸ ಸ್ಪ್ರಿಂಗಿಗೆ ಸವೆದ ಹಳೆಯ ಶಾಕನ್ನು ಗಂಟುಹಾಕುವ ಎರಡನೆಯ ದಾರಿಯ ದೋಷ ಇದೇ.

ಇಷ್ಟು ತಿಳಿದ ಮೇಲೆ ದಾರಿಯ ಕಡೆಗೆ ನೋಡೋಣ. ನಮ್ಮ ಮೂರು ಊರುಗಳ ದಾರಿಗಳು ಕಾರಿಗೆ ಮೂರು ಬೇರೆ ಬೇರೆ ಪರೀಕ್ಷೆಗಳನ್ನು ಒಡ್ಡುತ್ತವೆ.

ಮೊದಲನೆಯದು ಅಜ್ಜಂಪುರದ ಕಡೆಯ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರಿನಲ್ಲಿ ಗುಂಡಿಯಿಲ್ಲದಿದ್ದರೂ ಉದ್ದುದ್ದದ ಅಲೆಗಳು ಏಳುತ್ತವೆ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿಗೆ ೧೩ ಮೀಟರಿಗೊಂದು ಅಲೆ ಸಿಕ್ಕಿದರೆ, ಅದು ಸೆಕೆಂಡಿಗೆ ಸುಮಾರು ಒಂದೂಕಾಲು ಸಲ ಎತ್ತಿದಂತೆ. ಅಂದರೆ ಕಾರಿನ ಸ್ವಂತ ಲಯಕ್ಕೆ ಸರಿಯಾಗಿ ತಾಳ ಹಾಕಿದಂತೆ. ತೊಟ್ಟಿಲನ್ನು ಹದವರಿತು ತೂಗಿದರೆ ತೂಗು ಏರುತ್ತಲೇ ಹೋಗುವುದಿಲ್ಲವೆ? ಇಲ್ಲಿ ಕಾರನ್ನು ಇಳಿಸುವುದರಿಂದ ಏನೂ ಲಾಭವಿಲ್ಲ. ಬೇಕಾದದ್ದು ಗಟ್ಟಿಯಾದ ಶಾಕ್.

ಎರಡನೆಯದು ಕಡೂರಿನ ಸುತ್ತಮುತ್ತ ಊರೂರಿನ ಬಾಗಿಲಿನಲ್ಲಿಯೂ ಇರುವ ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸು ೧೯೮೮ರಲ್ಲಿ ಹೊರಡಿಸಿದ ಸೂಚನೆಯಂತೆ ಹಂಪು ೩.೭ ಮೀಟರ್ ಅಗಲವಾಗಿ, ೧೦ ಸೆಂಟಿಮೀಟರ್ ಎತ್ತರವಾಗಿ, ಗಂಟೆಗೆ ೨೫ ಕಿಲೋಮೀಟರ್ ವೇಗದಲ್ಲಿ ದಾಟುವಂತೆ ದುಂಡಗೆ ಇರಬೇಕು. ಅಂಥ ಹಂಪಿನ ನೆತ್ತಿಯ ಮೇಲೆ, ಎರಡೂವರೆ ಮೀಟರ್ ಅಂತರದಲ್ಲಿ ಗಾಲಿಗಳಿರುವ ಕಾರು ನಿಂತರೆ ಗಾಲಿಗಳೂ ಹಂಪನ್ನೇ ಏರಿ ನಿಂತಿರುತ್ತವೆ. ಆದ್ದರಿಂದ ಹೊಟ್ಟೆಯ ಕೆಳಗಿನ ಜಾಗದಲ್ಲಿ ಹಂಪು ಕಬಳಿಸುವುದು ನಾಲ್ಕೂವರೆ ಸೆಂಟಿಮೀಟರಿನಷ್ಟು ಮಾತ್ರ. ಆದರೆ ಊರಿನವರು ಒಂದು ಗಾಡಿ ಜಲ್ಲಿ ಸುರಿದು ತಾವೇ ಕಟ್ಟಿದ, ಮೊಳದಗಲದ, ಗೇಣೆತ್ತರದ ಹಂಪುಗಳಿವೆಯಲ್ಲ! ಅವುಗಳಲ್ಲಿ ಮುಂದಿನ ಗಾಲಿ ಇಳಿದು ಹಿಂದಿನದು ಇನ್ನೂ ಏರದಿರುವಾಗ ಹಂಪಿನ ಎತ್ತರವಷ್ಟೂ ಹೊಟ್ಟೆಯ ಪಾಲಿಗೆ. ನೆಲದಿಂದ ಹದಿನಾರು ಸೆಂಟಿಮೀಟರ್ ಮೇಲಿರುವ ಕಾರು, ಜನ ಮತ್ತು ಸಾಮಾನು ಏರಿದ ಮೇಲೆ ಮೂರು ಸೆಂಟಿಮೀಟರ್ ತಗ್ಗುತ್ತದೆಂದು ಇಟ್ಟುಕೊಳ್ಳಿ. ಒಂದೂವರೆ ಇಂಚು ಇಳಿಸಿದ್ದಾದರೆ ಉಳಿಯುವುದು ಒಂಬತ್ತೇ ಸೆಂಟಿಮೀಟರ್. ಬಗ್ಗಿದವನಿಗೆ ಗುದ್ದು ಹೆಚ್ಚು ಎಂಬ ಗಾದೆ ಕಾರಿಗೂ ಸಲ್ಲುತ್ತದೆ.

ಹೊಟ್ಟೆ ಉಜ್ಜುವುದು ಕಾಣುವ ನಷ್ಟ. ಕಾಣದ ನಷ್ಟ ಅದಕ್ಕಿಂತ ದೊಡ್ಡದು. ಗಾಲಿ ಮೇಲಕ್ಕೆ ಚಲಿಸಲು ಒಂದು ಮಿತಿಯಿದೆ. ಆ ಮಿತಿಯಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರಿನ ತುಂಡು ಕಾದಿರುತ್ತದೆ. ನಿಂತ ಕಾರಿನ ಗಾಲಿಗೆ ಮೇಲೆ ಎಂಟು ಸೆಂಟಿಮೀಟರ್ ಚಲಿಸಲು ಜಾಗವಿದ್ದು, ನಾವು ಕಾರನ್ನು ನಾಲ್ಕು ಸೆಂಟಿಮೀಟರ್ ಇಳಿಸಿದೆವೆನ್ನಿ. ಜಾಗ ಅರ್ಧವಾಯಿತು. ಅದೇ ಪೆಟ್ಟನ್ನು ಅರ್ಧ ಜಾಗದಲ್ಲಿ ನುಂಗಬೇಕಾದರೆ ಸ್ಪ್ರಿಂಗು ಎರಡರಷ್ಟಲ್ಲ, ನಾಲ್ಕರಷ್ಟು ಗಡಸಾಗಬೇಕು. ಏಕೆಂದರೆ ಸ್ಪ್ರಿಂಗು ಹಿಡಿದಿಡುವ ಶಕ್ತಿ ಅದು ಕುಗ್ಗಿದ ದೂರದ ವರ್ಗಕ್ಕೆ ಅನುಗುಣವಾದದ್ದು. ನಾಲ್ಕರಷ್ಟು ಗಡಸಾದ ಸ್ಪ್ರಿಂಗನ್ನು ರಸ್ತೆಯ ಕಾರಿಗೆ ಯಾರೂ ಹಾಕುವುದಿಲ್ಲ. ಹಾಕಿದರೆ ಅದು ಎತ್ತಿನ ಗಾಡಿಯಾಗುತ್ತದೆ. ಹೀಗಾಗಿ ಉಳಿದ ಪೆಟ್ಟೆಲ್ಲ ಬಂಪ್ ಸ್ಟಾಪಿನ ಪಾಲಿಗೆ, ಅಲ್ಲಿಂದ ಕಾರಿನ ಮೈಗೆ, ಕೊನೆಗೆ ಹಿಂದಿನ ಸೀಟಿನಲ್ಲಿ ಕೂತವರ ಬೆನ್ನೆಲುಬಿಗೆ. ನನ್ನ ತಂಗಿಯ ಬೆನ್ನೆಲುಬು ಈ ಲೆಕ್ಕದಲ್ಲಿ ಹೀಗೆ ಬರುತ್ತದೆ.

ಮೂರನೆಯದು ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿಯ ಮೇಲೆ ಕೆಮ್ಮಣ್ಣುಗುಂಡಿಗೆ ಏರುವ ತಿರುವಿನ ದಾರಿ. ಬಲವಾದ ಎಂಜಿನ್ನುಳ್ಳ ಕಾರಿನ ಸುಖ ತಿಳಿಯುವುದು ಇಲ್ಲಿ. ತಗ್ಗಿಸುವುದರಿಂದ ಲಾಭವೇನಾದರೂ ಇದ್ದರೆ ಅದೂ ಇಲ್ಲಿಯೇ. ತಿರುವಿನಲ್ಲಿ ಭಾರ ಹೊರಬದಿಯ ಗಾಲಿಗಳ ಮೇಲೆ ವಾಲುತ್ತದೆ. ಭಾರಕೇಂದ್ರ ತಗ್ಗಿದಷ್ಟೂ ಆ ವರ್ಗಾವಣೆ ಕಡಿಮೆ. ಎಷ್ಟು ಕಡಿಮೆ? ನೆಲದಿಂದ ೫೫ ಸೆಂಟಿಮೀಟರ್ ಎತ್ತರದಲ್ಲಿರುವ ಭಾರಕೇಂದ್ರವನ್ನು ಒಂದು ಇಂಚು ಇಳಿಸಿದರೆ ನೂರಕ್ಕೆ ಐದೂ ಇಲ್ಲ. ಒಳ್ಳೆಯ ಟೈರು ಇದಕ್ಕಿಂತ ಹೆಚ್ಚನ್ನು ಕೊಡಬಲ್ಲುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂದಿನ ಚಿಕ್ಕ ಕಾರುಗಳಲ್ಲಿ ಹೆಚ್ಚಿನವುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರನ ಈ ಕಲ್ಪನೆ ೧೯೫೦ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಜನರ ಮುಂದೆ ಬಂದಿತು. ಇದರಲ್ಲಿ ಗಾಲಿಯನ್ನು ಕೆಳಗಿನಿಂದ ಹಿಡಿಯುವ ತೋಳೊಂದಿದೆ. ಕಾರನ್ನು ಬಹಳ ಇಳಿಸಿದರೆ ಆ ತೋಳು ಗಾಲಿಯ ಕಡೆಗೆ ಮೇಲ್ಮುಖವಾಗಿ ವಾಲುತ್ತದೆ. ಆಗ ಕಾರಿನ ಮೈ ಯಾವ ಕಲ್ಪಿತ ಬಿಂದುವಿನ ಸುತ್ತ ಹೊರಳುತ್ತದೆಯೋ ಆ ಬಿಂದು ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಣ ಅಂತರ ಬೆಳೆಯುತ್ತದೆ. ಹೊರಳಿಸುವ ಸನ್ನೆಗೋಲು ಉದ್ದವಾಗುತ್ತದೆ. ಹೊರಳಾಟವನ್ನು ತಗ್ಗಿಸಲೆಂದು ಇಳಿಸಿದ ಕಾರು ಹೊರಳುವ ಒಲವನ್ನು ಹೆಚ್ಚಿಸಿಕೊಂಡಿತು! ಗಡಸು ಸ್ಪ್ರಿಂಗು ಅದನ್ನು ಮುಚ್ಚಿಹಾಕುತ್ತದೆ, ಇಲ್ಲವಾಗಿಸುವುದಿಲ್ಲ. ಇಳಿಸಿದೊಡನೆ ಗಾಲಿಗಳ ಕೋನಗಳೂ ಬದಲಾಗುವುದರಿಂದ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರುಗಳು ಒಳಬದಿಯಲ್ಲಿ ಬೇಗ ಸವೆಯುತ್ತವೆ.

ಓಟದವರು ಏನು ಮಾಡುತ್ತಾರೆಂದು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮ ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣುಹಾದಿಯಲ್ಲಿ ೨೦೧೬ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಡೆಯಿತು. ಅಂಥ ಮಣ್ಣಿನ ರ‍್ಯಾಲಿಗೆ ಬರುವ ಕಾರುಗಳು ಜಗತ್ತಿನ ವೇಗದ ಕಾರುಗಳ ಸಾಲಿಗೆ ಸೇರಿದವು. ಆದರೂ ಅವು ನೆಲದಿಂದ ಎತ್ತರಕ್ಕೆ ನಿಂತಿರುತ್ತವೆ, ಅವುಗಳ ಗಾಲಿಗೆ ಆಡಲು ಧಾರಾಳವಾದ ಜಾಗವಿರುತ್ತದೆ. ಅದೇ ಕಾರನ್ನು ಡಾಂಬರಿನ ರ‍್ಯಾಲಿಗೆ ಒಯ್ಯುವಾಗ ಸ್ಪ್ರಿಂಗು, ಶಾಕ್, ಗಾಲಿಗಳನ್ನು ಬದಲಿಸಿ ತಗ್ಗಿಸುತ್ತಾರೆ. ಕಾರೂ ಅದೇ, ಚಾಲಕನೂ ಅವನೇ. ಎತ್ತರವನ್ನು ನಿರ್ಣಯಿಸಿದ್ದು ದಾರಿ.

ಹಾಗಾದರೆ ಆರಿಸುವ ಬಗೆ ಹೇಗೆ? ಹುಡುಗನಿಗೆ ನಾನು ಹೇಳಿದ ಕ್ರಮವನ್ನೇ ಇಲ್ಲಿಯೂ ಹೇಳುತ್ತೇನೆ. ಮೊದಲು ಅಳತೆ. ಶಾಕ್‌ನ ಧೂಳುಗವಸನ್ನು ಸರಿಸಿ, ಹೊಳೆಯುವ ಕಡ್ಡಿಯ ಸುತ್ತ ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕಟ್ಟಿ, ನೀವು ನಿತ್ಯ ಹೋಗುವ ದಾರಿಯಲ್ಲಿ ನಿತ್ಯದ ಭಾರ ಹೊತ್ತು ಹೋಗಿಬನ್ನಿ. ಗಾಲಿ ಎಲ್ಲಿಯವರೆಗೆ ಏರಿತ್ತೆಂಬುದನ್ನು ಪಟ್ಟಿ ಸರಿದು ನಿಂತ ಜಾಗ ಹೇಳುತ್ತದೆ. ಅಲ್ಲಿಂದ ಬಂಪ್ ಸ್ಟಾಪಿಗೆ ಎಷ್ಟು ಉಳಿದಿದೆಯೋ ಅದೇ ನಿಮ್ಮ ಉಳಿತಾಯದ ಖಾತೆ. ಇಳಿಸುವುದೆಂದರೆ ಅದರಿಂದ ಖರ್ಚು ಮಾಡುವುದು.

ಎರಡನೆಯದಾಗಿ, ಸ್ಪ್ರಿಂಗನ್ನೂ ಶಾಕನ್ನೂ ಜೋಡಿಯಾಗಿಯೇ ಕೊಳ್ಳಿ. ನಿಮ್ಮ ಕಾರಿಗೆಂದೇ ಒಬ್ಬನೇ ತಯಾರಕ ಹೊಂದಿಸಿಕೊಟ್ಟದ್ದಾದರೆ ಉತ್ತಮ. ಜರ್ಮನಿಯ ಬಿಲ್‌ಸ್ಟೈನ್, ಐಬಾಕ್, ಹಾಲೆಂಡಿನ ಕೋನಿ ಇಂಥ ಹೆಸರುಗಳು ಗ್ಯಾರೇಜುಗಳಲ್ಲಿ ಕೇಳಿಬರುತ್ತವೆ. ಹೆಸರು ದೊಡ್ಡದಾದಷ್ಟೂ ನಕಲಿಯ ಭಯವೂ ದೊಡ್ಡದೆಂಬುದನ್ನು ಮರೆಯಬಾರದು. ಸ್ಪ್ರಿಂಗಿನ ಸುತ್ತುಗಳು ಒಂದು ತುದಿಯಲ್ಲಿ ಒತ್ತಾಗಿ, ಇನ್ನೊಂದು ತುದಿಯಲ್ಲಿ ವಿರಳವಾಗಿದ್ದರೆ ಅದು ಮೊದಲು ಮೃದುವಾಗಿ, ಕುಗ್ಗಿದಂತೆ ಗಡಸಾಗುವ ಬಗೆ; ರಸ್ತೆಯ ಕಾರಿಗೆ ಒಪ್ಪುವಂಥದು. ಶಾಕ್ ಕೊಳ್ಳುವಾಗ ಅದರ ಮೈ ಗಿಡ್ಡಾಗಿದೆಯೇ ಎಂದು ಕೇಳಿ. ಮೈ ಗಿಡ್ಡಾದರೆ ಕಾರು ತಗ್ಗಿದರೂ ಒಳಗಿನ ಚಲನೆಯ ಜಾಗ ಉಳಿಯುತ್ತದೆ. ಕಾಯಿಲೋವರಿನಲ್ಲಿಯೂ ಸ್ಪ್ರಿಂಗಿನ ಬಟ್ಟಲನ್ನಷ್ಟೇ ತಿರುಗಿಸುವ ಬಗೆ ಒಂದು, ಶಾಕ್‌ನ ಉದ್ದವನ್ನೇ ಕೆಳತುದಿಯಲ್ಲಿ ಹೊಂದಿಸುವ ಬಗೆ ಇನ್ನೊಂದು. ಹಣ ಕೊಡುವುದಾದರೆ ಎರಡನೆಯದಕ್ಕೆ ಕೊಡಿ. ಬಂಪ್ ಸ್ಟಾಪು, ಮೇಲಿನ ರಬ್ಬರಿನ ಮೌಂಟುಗಳು ಇವನ್ನು ಹೊಸದಾಗಿ ಹಾಕಿಸಿ. ಒಂದು ಗಾಲಿಗಾಗಲಿ, ಒಂದು ಬದಿಗಾಗಲಿ ಮಾತ್ರ ಎಂದೂ ಬದಲಿಸಬೇಡಿ.

ಮೂರನೆಯದು ಕಾನೂನು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ತಯಾರಕ ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ೨೦೧೯ರ ಜನವರಿಯಲ್ಲಿ ತೀರ್ಪಿತ್ತಿತು. ಆದ್ದರಿಂದ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಬರವಣಿಗೆಯಲ್ಲಿ ಕೇಳಿದ ಮೇಲೆಯೇ ಸ್ಪ್ಯಾನರ್ ಹಿಡಿಯುವುದು ವಿವೇಕ. ಅಪಘಾತವಾದ ಮೇಲೆ ಈ ಪ್ರಶ್ನೆಯನ್ನು ಬೇರೆಯವರು ನಿಮಗೆ ಕೇಳುತ್ತಾರೆ.

ಹುಡುಗ ಪಟ್ಟಿ ಕಟ್ಟಿಕೊಂಡು ಬೆಂಗಳೂರಿನಿಂದ ಬಂದ. ಮರುದಿನ ತಾಯಿಯನ್ನು ಶಿವಮೊಗ್ಗಕ್ಕೆ ಕರೆದೊಯ್ದು ತಂದ. ಗಾಲಿಯ ಬದಿಗೆ ಕೂತು ಇಬ್ಬರೂ ನೋಡಿದೆವು. ಪಟ್ಟಿಗೂ ಬಂಪ್ ಸ್ಟಾಪಿಗೂ ನಡುವೆ ಎರಡು ಬೆರಳಿನಗಲ ಉಳಿದಿತ್ತು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಒಂದೂವರೆ ಇಂಚು ಇಳಿಸಿದರೆ ಇದಿಷ್ಟೂ ಹೋಗಿ ಮೇಲೆ ಸಾಲ ಬೀಳುತ್ತದೆ, ಅಲ್ಲವೆ ಮಾವ?” ಎಂದ. ಬೇಡವೆಂದು ನಾನು ಒಂದು ಸಲವೂ ಹೇಳಿರಲಿಲ್ಲ.

ಕೇಳಬೇಕಾದವರನ್ನು ಕೇಳಿ ಒಪ್ಪಿಗೆ ಪಡೆದ ಮೇಲೆ, ಅವನು ಕೊನೆಗೆ ಹಾಕಿಸಿದ್ದು ಒಳ್ಳೆಯ ಟೈರು, ಸ್ವಲ್ಪ ಗಟ್ಟಿಯಾದ ಗಿಡ್ಡ ಮೈಯ ಶಾಕುಗಳು, ಅವಕ್ಕೆ ಹೊಂದುವ ಸ್ಪ್ರಿಂಗುಗಳು. ಮುಂದೆ ಮುಕ್ಕಾಲು ಇಂಚು ಇಳಿತ, ಹಿಂದೆ ಅದಕ್ಕಿಂತಲೂ ಕಡಿಮೆ. ಕಾರು ಈಗ ಮೊದಲಿಗಿಂತ ಚೆಂದ ಕಾಣುತ್ತದೆಂಬುದನ್ನು ನಾನೂ ಒಪ್ಪುತ್ತೇನೆ. ಏನು ಬದಲಾಯಿಸಿದರೆಂಬುದು ತಂಗಿಗೆ ತಿಳಿಯದು. ಎರೆಹೊಲಗಳ ನಡುವಿನ ರಸ್ತೆಯಲ್ಲಿ ಕಾರು ಮೊದಲಿನ ಹಾಗೆ ತೊಟ್ಟಿಲಾಡುವುದಿಲ್ಲ, ಬೆನ್ನಿಗೆ ಹಿತವಾಗಿದೆ ಎಂದಷ್ಟೇ ಅವಳು ಹೇಳಿದಳು. ಆ ಹಿತವನ್ನು ಕೊಟ್ಟದ್ದು ಇಳಿತವಲ್ಲ, ಇಳಿತದ ನೆವದಲ್ಲಿ ಬಂದ ಹೊಸ ಶಾಕ್ ಎಂಬುದು ಹುಡುಗನಿಗೆ ಗೊತ್ತಿದೆ.

ಕಾರು ಕೊಂಡ ತರುಣರಿಗೆ ನನ್ನ ಕೋರಿಕೆ ಇಷ್ಟೆ. ಬಿಡಿಭಾಗಗಳನ್ನು ಆರಿಸುವಾಗ ನಿಮ್ಮ ದಾರಿಯ ಅತ್ಯುತ್ತಮವಾದ ಹತ್ತು ಮೈಲಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಅತ್ಯಂತ ಕೆಟ್ಟ ಹತ್ತು ಗಜವನ್ನು ನೆನೆಯಿರಿ. ಒಬ್ಬರೇ ಕೂತು ಅಳೆಯಬೇಡಿ. ಹಿಂದಿನ ಸೀಟಿನಲ್ಲಿ ಕೂರುವವರನ್ನು ಕೂರಿಸಿಕೊಂಡು ಅಳೆಯಿರಿ. ಹಾಗೆ ಅಳೆದ ಮೇಲೂ ಅರ್ಧ ಇಂಚು ಇಳಿಸಲು ಜಾಗ ಉಳಿದಿದ್ದರೆ, ಒಪ್ಪಿಗೆ ಪಡೆದು ಸಂತೋಷವಾಗಿ ಇಳಿಸಿ.